ತೇವದ ಮೂಲೆಗೊಂದು ಜೇಕು



ಭತ್ತ ಬೆಳೆಯುವ ಮನೆಗಳಿಂದ ಬಂದವರಿಗೆ ಜೇಕು ಎಂದರೆ ಕಳೆ, ಕಿತ್ತಷ್ಟೂ ಚಿಗುರುವ ಪೀಡೆ. ಅದೇ ಕುಟುಂಬದ ಇನ್ನೊಂದು ಸಸ್ಯವನ್ನು ನೆಟ್ಟು ಬೆಳೆಸಿರೆಂದು ಕೇಳಲು ಇಂದು ನಿಂತಿದ್ದೇನೆ. ಅದು ವಿಸ್ಕಾನ್ಸಿನ್‌ನ ಜವುಗಿನಲ್ಲಿ ಸಹಜವಾಗಿ ಬೆಳೆಯುವ ಟಸಕ್ ಸೆಜ್. ಶಾಸ್ತ್ರೀಯ ಹೆಸರು ಕ್ಯಾರೆಕ್ಸ್ ಸ್ಟ್ರಿಕ್ಟಾ. ನೋಡಲು ಹುಲ್ಲಿನಂತಿದ್ದರೂ ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ತಾಕುತ್ತವೆ.

ಜವುಗೆಂದರೆ ಪಾಳು ನೆಲ ಎಂಬ ನಂಬಿಕೆ ಈ ದೇಶದಲ್ಲಿ ಕಾನೂನೇ ಆಗಿತ್ತು. ನೀರು ಬಸಿದು ಸಾಗುವಳಿಗೆ ತರಲೆಂದು 1850ರ ಕಾಯಿದೆ ಅಂಥ ಭೂಮಿಯನ್ನು ರಾಜ್ಯಗಳಿಗೆ ಒಪ್ಪಿಸಿತು. ಸುಮಾರು 1 ಕೋಟಿ ಎಕರೆ ಜವುಗಿದ್ದ ವಿಸ್ಕಾನ್ಸಿನ್ ಅದರಲ್ಲಿ ಹತ್ತಿರಹತ್ತಿರ ಅರ್ಧವನ್ನು ಕಳೆದುಕೊಂಡಿದೆ. ಅದಕ್ಕೂ ಮೊದಲು, 1832ರ ಒಪ್ಪಂದದಲ್ಲಿ, ಇಂದು ಮ್ಯಾಡಿಸನ್ ನಗರವಿರುವ ಈ ನೆಲವನ್ನು ಹೋ-ಚಂಕ್ ಜನರು ಬಲವಂತಕ್ಕೆ ಬಿಟ್ಟುಕೊಡಬೇಕಾಯಿತು. ಜನರನ್ನು ಹೊರಗಟ್ಟಿದ್ದೂ ನೀರನ್ನು ಹೊರಗಟ್ಟಿದ್ದೂ ಒಂದೇ ಚರಿತ್ರೆಯ ಎರಡು ಅಧ್ಯಾಯಗಳು.

ಸೂರಿನ ನೀರಿಳಿದು, ಮಳೆ ನಿಂತ ಮೇಲೂ ಒದ್ದೆಯಾಗಿರುವ ಮೂಲೆ ಈ ಸಸ್ಯಕ್ಕೆ ಸಾಕು. ಬಿಸಿಲಾದರೂ ಸರಿ, ಅರೆನೆರಳಾದರೂ ಸರಿ. ಬೀಜದಿಂದ ಬೆಳೆಸುವುದು ಕಷ್ಟ. ವಸಂತದಲ್ಲಿ ಸಸಿಗಳನ್ನು ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಕೊಳ್ಳುವಾಗ ಶಾಸ್ತ್ರೀಯ ಹೆಸರನ್ನೇ ಕೇಳಿ. ಏಷ್ಯಾ ಮೂಲದ ಸೆಜ್‌ಗಳೂ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತವೆ. ಮೊದಲ ವರ್ಷ ಮಣ್ಣು ಒಣಗದಿರಲಿ. ಗೊಬ್ಬರ ಬೇಡ, ಅದರ ಲಾಭ ಪಡೆಯುವುದು ಜವುಗನ್ನು ಆಕ್ರಮಿಸುವ ರೀಡ್ ಕೆನರಿ ಹುಲ್ಲು. ವರ್ಷಗಳು ಕಳೆದಂತೆ ಹಳೆಯ ಎಲೆ, ಬೇರುಗಳು ಕೂಡಿ ಪುಟ್ಟ ದಿಬ್ಬ ಏಳುತ್ತದೆ. ನಿಂತ ನೀರಿನಿಂದ ಪಾರಾಗಿ ಬೇರೆ ಗಿಡಗಳೂ ಅದರ ಮೇಲೆ ಬೇರೂರುತ್ತವೆ. ಐಡ್ ಬ್ರೌನ್ ಚಿಟ್ಟೆಯ ಮರಿಹುಳು ಸೆಜ್ ಎಲೆಗಳನ್ನು ತಿಂದೇ ಬೆಳೆಯುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ‘ಸ್ಥಳೀಯ’, ‘ಪರಕೀಯ’ ಎಂಬ ಮಾತುಗಳನ್ನು ಸಸ್ಯಶಾಸ್ತ್ರದಿಂದ ಎತ್ತಿ ಮನುಷ್ಯರ ಮೇಲೆ ಹೇರುವವರು ಇಲ್ಲಿಯೂ ಇದ್ದಾರೆ, ನಾವು ಬಿಟ್ಟುಬಂದ ನಾಡಿನಲ್ಲಿಯೂ ಇದ್ದಾರೆ. ಸಸ್ಯದ ಸ್ಥಳೀಯತೆಗೂ ರಕ್ತಶುದ್ಧಿಗೂ ಸಂಬಂಧವಿಲ್ಲ. ನೀರು, ಮಣ್ಣು, ಕೀಟಗಳೊಡನೆ ದೀರ್ಘಕಾಲ ಬೆಳೆದ ಒಡನಾಟದ ಹೆಸರದು. ವಲಸೆ ಬಂದ ನಾವೂ ಆ ಒಡನಾಟವನ್ನು ಕಲಿಯಬಲ್ಲೆವು, ಅದರ ಹೊಣೆ ಹೊರಬಲ್ಲೆವು.

ಹಿತ್ತಲಿನ ನಾಲ್ಕು ಸಸಿಗಳು ಕಳೆದುಹೋದ ಜವುಗನ್ನು ಮರಳಿಸಲಾರವು. ಅದಕ್ಕೆ ಕಾನೂನು ಬೇಕು, ರಾಜಕೀಯ ಇಚ್ಛೆ ಬೇಕು. ಆದರೆ ನೀರು ನಿಂತ ನೆಲ ಕಂಡೊಡನೆ ಬಸಿಗಾಲುವೆ ತೋಡಹೊರಡುವ ಬುದ್ಧಿಯನ್ನು ಬಿಡಲು ಯಾವ ಶಾಸನವೂ ಬೇಕಿಲ್ಲ. ಬರುವ ವಸಂತದಲ್ಲಿ ಆ ಮೂಲೆಯನ್ನು ಒಣಗಿಸಬೇಡಿ.