ಓದಿನ ದನಿ, ತಂತಿಯ ನಾದ

(ನೆಗಮಂನಲ್ಲಿ ನಡೆದ ಸಾಹಿತ್ಯವಾಚನ ಮತ್ತು ಗಿಟಾರ್ ವಾದನದ ಸಂಜೆಯ ಆರಂಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದು ಈ ವೇದಿಕೆಯಲ್ಲಿ ಒಂದು ಕಥೆಯ ವಾಚನವೂ ಗಿಟಾರ್ ವಾದನವೂ ಜೊತೆಜೊತೆಯಾಗಿ ನಡೆಯಲಿವೆ. ಆಹ್ವಾನಪತ್ರಿಕೆಯನ್ನು ಕಂಡ ಮಿತ್ರರೊಬ್ಬರು, "ಕನ್ನಡ ಶಾಲೆಗೂ ಗಿಟಾರಿಗೂ ಎತ್ತಣ ಸಂಬಂಧ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನನ್ನ ಅಲ್ಪಮತಿಗೆ ತೋರಿದ ಉತ್ತರವನ್ನು, ಕಲಾವಿದರು ವೇದಿಕೆಗೆ ಬರುವ ಮುನ್ನ, ತಮ್ಮಲ್ಲಿ ನಿವೇದಿಸುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಈ ಊರಿನ ಹಿರಿಯ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಅವರು ಕುಳಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ಅವರ ಮೊಮ್ಮಗ ನಮ್ಮ ಶಾಲೆಯ ವಿದ್ಯಾರ್ಥಿ. "ಮಗಾ, ಹೆಡ್‌ಮಾಸ್ಟರು ಬಂದಿದ್ದಾರೆ, ಪುಸ್ತಕ ತಂದು ಓದು" ಎಂದರು. ಹುಡುಗನು ಕುಮಾರವ್ಯಾಸಭಾರತದ ಪಾಠವನ್ನು ತೆರೆದು, ಏರಿಳಿತವಿಲ್ಲದ ದನಿಯಲ್ಲಿ, ಒಂದಕ್ಷರವೂ ತಪ್ಪದಂತೆ ಓದಿ ಮುಗಿಸಿದ. ಹಿರಿಯರು ಲಾಳಿಯನ್ನು ನಿಲ್ಲಿಸಿ, "ಅಕ್ಷರ ಎಲ್ಲಾ ಬಂತು ಅಯ್ಯಾ, ಮಾತು ಬರಲಿಲ್ಲವಲ್ಲ!" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಭಾಮಿನೀ ಷಟ್ಪದಿಯ ಲಕ್ಷಣವನ್ನು ನಾನು ಹದಿನೆಂಟು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ೧, ೨, ೪, ೫ನೆಯ ಸಾಲುಗಳಿಗೆ ತಲಾ ೧೪ ಮಾತ್ರೆ, ೩, ೬ನೆಯ ಸಾಲುಗಳಿಗೆ ತಲಾ ೨೩, ಒಟ್ಟು ೧೦೨. ಮಕ್ಕಳು ಈ ಲೆಕ್ಕವನ್ನು ಒಪ್ಪಿಸುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ಆ ೧೦೨ ಮಾತ್ರೆಗಳು ನಾಲಗೆಯ ಮೇಲೆ ಹೇಗೆ ನಡೆಯುತ್ತವೆಂಬುದನ್ನು ನಾನು ಅವರಿಗೆ ಒಮ್ಮೆಯಾದರೂ ಕೇಳಿಸಿರಲಿಲ್ಲ.

ನಮ್ಮ ಪೂರ್ವಿಕರಲ್ಲಿ ಈ ಕೊರತೆ ಇರಲಿಲ್ಲ. ಅವರಿಗೆ ಗಮಕಕಲೆಯಿತ್ತು. ಗಮಕಿಯು ಕಾವ್ಯವನ್ನು ರಸಕ್ಕೆ ಹೊಂದುವ ರಾಗದಲ್ಲಿ, ತಾಳದ ಕಟ್ಟಿಗೆ ಸಿಲುಕದೆ, ಅರ್ಥ ಕೆಡದಂತೆ ಪದಗಳನ್ನು ಬಿಡಿಸಿ ವಾಚಿಸುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅದನ್ನು ವಿವರಿಸುತ್ತಾನೆ. ಓದುಬರಹ ಅರಿಯದವನೂ ಭಾರತವನ್ನು ಬಲ್ಲವನಾದುದು ಹೀಗೆಯೇ. ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕಿವಿಯಿಂದ ಕಲಿಯುವ ಈ ವಿದ್ಯೆಗೆ ಇಂದಿಗೂ ಬೆಲೆಯುಂಟೆಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಗಿಟಾರೇಕೆ? ಓದಿಗೆ ನಾದವನ್ನು ಜೊತೆಗೂಡಿಸುವ ಹಂಬಲ ನಮ್ಮದೊಂದೇ ನಾಡಿನದಲ್ಲವೆಂದು ಮಕ್ಕಳಿಗೆ ತಿಳಿಯಲೆಂದು. ಸ್ಪೇನ್ ದೇಶದ ಕವಿ ಹುವಾನ್ ರಾಮೋನ್ ಹಿಮೆನೆಸ್ ತಮ್ಮ ಹುಟ್ಟೂರಾದ ಮೊಗೇರಿನ ಬೀದಿಗಳನ್ನೂ, ಅಲ್ಲಿ ತಮ್ಮೊಡನೆ ಅಡ್ಡಾಡುವ ಪ್ಲಾಟೆರೊ ಎಂಬ ಪುಟ್ಟ ಕತ್ತೆಯನ್ನೂ ಕುರಿತು ಒಂದು ಗದ್ಯಕಾವ್ಯ ಬರೆದರು. ಅದು ಮೊದಲು ಪ್ರಕಟವಾದುದು ೧೯೧೪ರಲ್ಲಿ. ೧೯೫೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಟಲಿಯ ಸಂಗೀತಕಾರ ಮಾರಿಯೊ ಕಾಸ್ಟೆಲ್‌ನುವೊವೊ-ಟೆಡೆಸ್ಕೊ ಅವರು ೧೯೬೦ರಲ್ಲಿ ಆ ಕೃತಿಯ ೨೮ ಪ್ರಕರಣಗಳಿಗೆ ಗಿಟಾರ್ ಸಂಗೀತವನ್ನು ರಚಿಸಿದರು. ಅಲ್ಲಿ ವಾಚಕನು ಹಾಡುವುದಿಲ್ಲ, ಓದುತ್ತಾನೆ. ತಂತಿಯು ಅವನ ಮಾತಿನ ಜೊತೆಯಲ್ಲಿ ನಡೆಯುತ್ತದೆ.

ಇವರಿಬ್ಬರ ಬಾಳಿನಲ್ಲಿ ನಮಗೆ ತೀರ ಹತ್ತಿರವಾದ ಸಂಗತಿಯೊಂದುಂಟು. ಕವಿಯು ೧೯೩೬ರಲ್ಲಿ ಅಂತರ್ಯುದ್ಧದ ಕಾರಣ ಸ್ಪೇನನ್ನು ಬಿಟ್ಟವರು ಮತ್ತೆ ಅಲ್ಲಿ ನೆಲೆಸಲಿಲ್ಲ. ಯೆಹೂದಿಯಾದ ಸಂಗೀತಕಾರರು ಜನಾಂಗದ್ವೇಷದ ಕಾನೂನುಗಳಿಂದಾಗಿ ೧೯೩೯ರಲ್ಲಿ ಇಟಲಿಯನ್ನು ತೊರೆದು ಅಮೆರಿಕೆಯನ್ನು ಸೇರಿದರು. ಇಬ್ಬರೂ ದೂರದಲ್ಲಿದ್ದೇ ತಮ್ಮ ಕಲೆಯನ್ನು ಉಳಿಸಿಕೊಂಡರು.

ನಮ್ಮನ್ನು ಯಾರೂ ಓಡಿಸಿಲ್ಲ, ನಾವು ಇಲ್ಲಿಯವರೇ. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ೧೯೫೬ರಲ್ಲಿ ಮೈಸೂರಿಗೆ ಸೇರಿತು. ಈ ಸೀಮೆಯ ದೇವಾಂಗ ಮನೆಗಳ ಕನ್ನಡ ಇಲ್ಲಿಯೇ ಉಳಿಯಿತು. ತಮಿಳು ನಮ್ಮ ಬೀದಿಯ, ಸಂತೆಯ, ಸ್ನೇಹದ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯತಕ್ಕದ್ದೇ. ಆದರೆ ಮಗ್ಗದ ಕೋಣೆಯೊಳಗೆ ಮಾತ್ರ ಉಳಿದ ಭಾಷೆ, ಮಗ್ಗ ನಿಂತ ದಿನ ತಾನೂ ನಿಲ್ಲುತ್ತದೆ. ನನ್ನ ಭಯ ಇಷ್ಟೇ.

ಇಂದು ನುಡಿಸುವ ವಾದ್ಯವನ್ನು ಕುರಿತು ಎರಡು ಮಾತು. ಇದು ವಿದ್ಯುತ್ತಿನ ಗಿಟಾರಲ್ಲ. ಮರದ ಒಡಲು, ಆರು ತಂತಿ. ಬಲಗೈಯ ಬೆರಳುಗಳಿಂದಲೇ ಮೀಟಬೇಕು. ಇದಕ್ಕೆ ಇಂದಿನ ರೂಪವನ್ನು ಕೊಟ್ಟವರು ೧೯ನೆಯ ಶತಮಾನದ ಸ್ಪೇನಿನ ಅಂತೋನಿಯೊ ದೆ ತೊರ್ರೆಸ್. ಮೊದಲು ಪ್ರಾಣಿಗಳ ಕರುಳಿನಿಂದ ತಂತಿಗಳನ್ನು ಮಾಡುತ್ತಿದ್ದರು. ೧೯೪೦ರ ದಶಕದಿಂದ ನೈಲಾನ್ ಬಂದಿತು. ಇದರ ದನಿ ಮೆಲ್ಲನೆಯದು. ಸಭೆ ಮೌನವಾಗಿದ್ದರೆ ಮಾತ್ರ ಕೇಳಿಸುತ್ತದೆ. ಪರದೇಶದ ವಾದ್ಯವೆಂದು ಸಂಕೋಚ ಬೇಡ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದ ಕಾಲದಲ್ಲಿ ಅದೂ ಪರದೇಶದ್ದೇ ಆಗಿತ್ತು.

ನಮ್ಮ ಉಪಾಧ್ಯಾಯರೊಬ್ಬರು ಪ್ಲಾಟೆರೊವಿನ ನಾಲ್ಕು ಪ್ರಕರಣಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬರು ನುಡಿಸುತ್ತಾರೆ. ಓದುವವನು ನಾನು ಮೊದಲು ಹೇಳಿದ ಆ ಹುಡುಗನೇ. ಮೂರು ತಿಂಗಳಿಂದ ಅವನು ದಿನವೂ ಸಂಜೆ ತಾತನ ಮಗ್ಗದ ಪಕ್ಕದಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದಾನೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕೆಂಬುದನ್ನು ತಿದ್ದಿದವರು ಓದಲು ಬಾರದ ಆ ತಾತನವರೇ. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಕೊನೆಯದಾಗಿ ನನ್ನದೊಂದು ವಿಜ್ಞಾಪನೆ. ಈ ಕಾರ್ಯಕ್ರಮ ಒಂದು ಸಂಜೆಯ ವಿನೋದವಾಗಿ ಮುಗಿಯಬಾರದು. ತಿಂಗಳಿಗೊಮ್ಮೆ ಒಂದು ಮನೆಯವರು ತಮ್ಮ ಜಗಲಿಯನ್ನು ಬಿಟ್ಟುಕೊಡಲಿ. ಪುಸ್ತಕವನ್ನೂ ಓದುವ ಮಕ್ಕಳನ್ನೂ ಶಾಲೆ ಕಳುಹಿಸುತ್ತದೆ. ಮುಂದಿನ ತಿಂಗಳು ಕುಮಾರವ್ಯಾಸನಿಂದ ಆರಂಭಿಸೋಣ. ವಾದ್ಯವಿದ್ದರೆ ಸಂತೋಷ, ಇಲ್ಲದಿದ್ದರೆ ಮಗ್ಗದ ಸದ್ದೇ ಸಾಕು. ಹಿರಿಯರು ದಯಮಾಡಿ ಬಂದು ಕುಳಿತು, ಮಕ್ಕಳ ಓದನ್ನು ತಿದ್ದಬೇಕು. ಅಕ್ಷರವನ್ನು ನಾವು ಕಲಿಸಬಲ್ಲೆವು. ಮಾತನ್ನು ಕೊಡಬೇಕಾದವರು ತಾವು.

ಇಷ್ಟು ಹೇಳಿ, ವೇದಿಕೆಯನ್ನು ಆ ಬಾಲಕನಿಗೂ ವಾದಕರಿಗೂ ಬಿಟ್ಟುಕೊಡುತ್ತೇನೆ.