ಕುಂಚದ ಬುಡ ಕಾಯ್ದವರ ಕಥೆ



ಬಣ್ಣದ ಕೆಲಸ ಮಾಡುವ ನಾವೆಲ್ಲ ಕುಂಚದ ಮೊನೆಯನ್ನೇ ನೋಡುತ್ತೇವೆ. ಆದರೆ ಕುಂಚ ಕೆಡುವುದು ಬುಡದಲ್ಲಿ. ಕೂದಲು ಹಿಡಿಗೆ ಸೇರುವ ಜಾಗದಲ್ಲಿ ಬಣ್ಣ ಕೂತು ಒಣಗಿತೆಂದರೆ ಎಳೆಗಳು ಕವಲೊಡೆಯುತ್ತವೆ. ಆಮೇಲೆ ಎಷ್ಟು ತೀಡಿದರೂ ಮೊನೆ ಕೂಡುವುದಿಲ್ಲ. ಈ ಬುಡವನ್ನು ಗಟ್ಟಿಯಾಗಿ, ಚೊಕ್ಕಟವಾಗಿ ಇಡಲು ಕುಶಲಕರ್ಮಿಗಳು ಶತಮಾನಗಳಿಂದ ತಲೆ ಕೆಡಿಸಿಕೊಂಡಿದ್ದಾರೆ.

ನಮ್ಮ ನಾಡಿನಲ್ಲೇ ಇದಕ್ಕೆ ಹಳೆಯ ದಾಖಲೆಯಿದೆ. ಈಗಿನ ಬಸವಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಚಿತ್ರಕಲೆಯ ಭಾಗದಲ್ಲಿ ಕುಂಚ ಕಟ್ಟುವ ಬಗೆಯೂ ಇದೆ: ಕರುವಿನ ಕಿವಿಯ ಹತ್ತಿರದ ಮೃದು ರೋಮವನ್ನು ಕಡ್ಡಿಗೆ ಅರಗಿನಿಂದ ಅಂಟಿಸಬೇಕು. ರೋಮ ಎಷ್ಟೇ ಒಳ್ಳೆಯದಿದ್ದರೂ ಬುಡ ಸಡಿಲವಾದರೆ ಗೆರೆ ನಿಲ್ಲುವುದಿಲ್ಲ. ಅರಗಿನ ಕೆಲಸ ಆ ಬುಡವನ್ನು ಹಿಡಿದಿಡುವುದು.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರೂ ಕುಂಚಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ನಾಜೂಕು ಕೆಲಸಕ್ಕೆ ಅಳಿಲಿನ ರೋಮ, ಅತಿ ಸಣ್ಣ ಗೆರೆಗೆ ಚೂಪಾದ ಹುಲ್ಲಿನ ಎಸಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯ ಚಿತ್ರಗಳು ಈ ಪರಂಪರೆಯವೇ. ಮೈಸೂರು ಶೈಲಿಯಲ್ಲಿ ಚಿನ್ನದ ಹಾಳೆಯ ಅಡಿಗೆ ಬರುವ ಗೆಸ್ಸೊ ಲೇಪದಲ್ಲಿ ಅಂಟಿರುತ್ತದೆ. ಅದು ಒಣಗಿದರೆ ಕಲ್ಲಿನ ಹಾಗೆ. ಕುಂಚವನ್ನು ಆ ಕ್ಷಣವೇ ತೊಳೆಯದೆ ಗತಿಯಿಲ್ಲ.

ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದರು. ಅವರ ಊಟಿಯ ಜಲವರ್ಣ ಚಿತ್ರಗಳನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಕಾಣಬಹುದು. ಜಲವರ್ಣದ ಕುಂಚದಲ್ಲಿ ಎಳೆಗಳನ್ನು ಒಟ್ಟಿಗೆ ಸೆಳೆದು ಮೊನೆ ಮಾಡುವುದು ನೀರೇ. ಹಳೆಯ ಬಣ್ಣ ಒಳಗೆ ಉಳಿದಿದ್ದರೆ ಆ ಸೆಳೆತ ಸೋಲುತ್ತದೆ.

ಯುರೋಪಿನಲ್ಲಿ ಬಹುಕಾಲ ರೋಮವನ್ನು ದಾರದಿಂದ ಬಿಗಿದು ಹಕ್ಕಿಗರಿಯ ಕೊಳವೆಗೆ ತೂರಿಸುತ್ತಿದ್ದರು. 19ನೇ ಶತಮಾನದಲ್ಲಿ ಲೋಹದ ತಗಡಿನ ಕಟ್ಟು ಬಂತು. ತಗಡನ್ನು ಅದುಮಿ ಚಪ್ಪಟೆ ಬ್ರಷ್ ಮಾಡುವುದು ಸಾಧ್ಯವಾಯಿತು. ಬುಡ ಗಟ್ಟಿಯಾಯಿತು, ಆದರೆ ಬಣ್ಣ ಕಣ್ಣಿಗೆ ಕಾಣದಂತೆ ಅಡಗಿ ಕೂರುವ ಜಾಗವೂ ಅಲ್ಲೇ ಹುಟ್ಟಿತು.

ಬೆಂಗಳೂರಿನ ನಮ್ಮ ಜಾಲಹಳ್ಳಿಗೆ ಎಚ್‌ಎಂಟಿ ಕಾರ್ಖಾನೆ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಮುಂದೆ ಪಕ್ಕದ ಪೀಣ್ಯ ಬೆಳೆಯಿತು. ಕಾರ್ಖಾನೆಗಳ ಜೊತೆ ಬೋರ್ಡು, ಗೋಡೆಬರಹ, ಎನಾಮೆಲ್ ಬಣ್ಣದ ಕೆಲಸವೂ ಹೆಚ್ಚಿತು. ಎನಾಮೆಲ್ ನೀರಿಗೆ ಬಿಡುವುದಿಲ್ಲ. ಅನುಭವಸ್ಥ ಬೋರ್ಡ್ ಬರಹಗಾರರು ಬ್ರಷ್ಷನ್ನು ಸೀಮೆಎಣ್ಣೆಯಲ್ಲೋ ಟರ್ಪೆಂಟೈನಿನಲ್ಲೋ ತೊಳೆದು, ಒಣಗದ ಎಣ್ಣೆ ಸವರಿ, ಬೆರಳಿನಿಂದ ಮೊನೆ ತೀಡಿ ಮಲಗಿಸಿಡುತ್ತಾರೆ. ಅದು ಕೆಲಸದಿಂದಲೇ ಕಲಿತ ವಿದ್ಯೆ.

1950ರ ದಶಕದಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಕೆಗೆ ಬಂತು. ಹಸಿಯಿದ್ದಾಗ ನೀರಿಗೆ ಹೋಗುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ಕೇ. ನೈಲಾನ್ ಎಳೆಯ ಕುಂಚಗಳೂ ಬಂದವು. ಇದು ಪ್ರಾಣಿಗಳಿಗೂ ಒಳ್ಳೆಯದು. ಮುಂಗುಸಿಯ ರೋಮದ ಕುಂಚಕ್ಕೆ ದೇಶದಲ್ಲಿ ಬಹಳ ಬೇಡಿಕೆಯಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ, 2019ರಲ್ಲಿ ದೇಶದ ಹಲವೆಡೆ ದಾಳಿಗಳೂ ನಡೆದವು. ಅಂಥ ಕುಂಚ ಯಾರಾದರೂ ಕೊಟ್ಟರೂ ಕೊಳ್ಳಬೇಡಿ.

ಈಗ ಆರೈಕೆಯ ಮಾತು. ಹೊಸ ಕುಂಚದ ಮೊನೆ ಗಟ್ಟಿಯಾಗಿರುವುದು ಅಂಗಡಿಗೆ ಕಳಿಸುವ ಮುನ್ನ ಹಚ್ಚಿದ ಗೋಂದಿನಿಂದ, ಮೊದಲು ಅದನ್ನು ನೀರಲ್ಲಿ ಬಿಡಿಸಿಕೊಳ್ಳಿ. ಕುಂಚವನ್ನು ತಗಡಿನವರೆಗೆ ಬಣ್ಣದಲ್ಲಿ ಅದ್ದಬೇಡಿ. ಕೆಲಸ ಮುಗಿದ ಕೂಡಲೇ ಬಟ್ಟೆಯಲ್ಲಿ ಒರೆಸಿ, ಬುಡದಿಂದ ತುದಿಯ ಕಡೆಗೆ ಸಾಬೂನು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಎಣ್ಣೆವರ್ಣವಾದರೆ ಮೊದಲು ಟರ್ಪೆಂಟೈನ್, ಆಮೇಲೆ ಸಾಬೂನು. ಬಿಸಿನೀರು ಬುಡದ ಅಂಟನ್ನು ಸಡಿಲಿಸಬಹುದು. ಲೋಟದ ನೀರಲ್ಲಿ ಮೊನೆ ಕೆಳಗಾಗಿ ನಿಲ್ಲಿಸಿಟ್ಟರೆ ಎಳೆ ಬಾಗುತ್ತದೆ, ಮರದ ಹಿಡಿ ಉಬ್ಬಿ ತಗಡು ಅಲುಗುತ್ತದೆ. ತೊಳೆದ ಮೇಲೆ ಬೆರಳಿನಿಂದ ಮೊನೆ ತೀಡಿ ಅಡ್ಡಲಾಗಿ ಒಣಗಿಸಿ. ರೋಮದ ಕುಂಚಕ್ಕೆ ಹುಳು ಬೀಳುತ್ತದೆ, ಪೂರ್ತಿ ಒಣಗಿದ ಮೇಲೆ ನುಸಿಗುಳಿಗೆಯ ಜೊತೆ ಡಬ್ಬಿಯಲ್ಲಿಡಿ.

ಮಕ್ಕಳಿಗೆ ಚಿತ್ರ ಕಲಿಸುವ ತಂದೆತಾಯಿಗಳಲ್ಲಿ, ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ: ಬಣ್ಣ ಹಚ್ಚುವುದನ್ನು ಹೇಳಿಕೊಟ್ಟ ದಿನವೇ ಕುಂಚ ತೊಳೆಯುವುದನ್ನೂ ಹೇಳಿಕೊಡಿ.