ಜಾರಿದ ಕುಣಿಕೆ: ಕೈಯಂತ್ರದಲ್ಲಿ ಉಬ್ಬು ಹೆಣಿಗೆ



ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಇತಿಹಾಸದ ಪಾಠದಲ್ಲಿ ಓದಿರಬಹುದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಅಲ್ಲಿನ ಶಾಸನವು ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಓದುತ್ತಿದ್ದ ವಿದ್ಯಾಕೇಂದ್ರವೊಂದರ ವಿಚಾರ ಹೇಳುತ್ತದೆ. ಅದರ ಬಗ್ಗೆ ಕಾರ್ಯಕ್ರಮ ಮಾಡಲೆಂದು ಒಂದು ಮಾಗಿಯಲ್ಲಿ ಅಲ್ಲಿಗೆ ಹೋಗಿದ್ದೆವು. ಕರೆಂಟು ಹೋಗಿ ನಮ್ಮ ದೀಪಗಳೆಲ್ಲ ಆರಿದವು. ಪಕ್ಕದ ಮನೆಯಿಂದ ಮಾತ್ರ 'ಸರ್ರ್, ಸರ್ರ್' ಎಂಬ ಸದ್ದು ನಿಲ್ಲಲಿಲ್ಲ. ಹೋಗಿ ನೋಡಿದರೆ, ಕಾಲೇಜಿನ ಹುಡುಗಿಯೊಬ್ಬಳು ತನ್ನ ಚಿಗವ್ವನಿಂದ ಕೈಯಿಂದ ನಡೆಸುವ ಹೆಣಿಗೆ ಯಂತ್ರ ಕಲಿಯುತ್ತಿದ್ದಳು. ಆ ಮನೆಯವರು ಸ್ವೆಟರ್ ಹೆಣೆದು ಮಾರುತ್ತಿದ್ದರು. ಸಾದಾ ಸ್ವೆಟರನ್ನು ಗಿರಾಕಿಗಳು ಕೇಳುತ್ತಿರಲಿಲ್ಲ, ಪೇಟೆಯಲ್ಲಿ ಸಿಗುವಂಥ ಉಬ್ಬು ಹೆಣಿಗೆಯೇ ಬೇಕೆನ್ನುತ್ತಿದ್ದರು. ಹುಡುಗಿಯ ಕಾಲೇಜಿನ ಫೀ ಆ ಗಳಿಕೆಯಿಂದಲೇ ಬರಬೇಕಾಗಿತ್ತು.

ನಾವು ನೋಡುತ್ತಿದ್ದಂತೆಯೇ ಒಂದು ಕುಣಿಕೆ ಸೂಜಿಯಿಂದ ಜಾರಿತು. ಜಾರಿದ್ದು ಏಣಿಯ ಮೆಟ್ಟಿಲಿಳಿದಂತೆ ಸಾಲು ಸಾಲಾಗಿ ಕೆಳಗಿಳಿಯಿತು. "ಚಿಗವ್ವಾ, ಬಿಚ್ಚಿಕೊಂಡು ಹೋತು!" ಎಂದಳು ಹುಡುಗಿ, ಅಳುವುದೊಂದು ಬಾಕಿ. ಆಕೆ ನಕ್ಕು, "ಹೋಗಲಿ ಬಿಡವಾ, ಇನ್ನಷ್ಟು ಇಳೀಲಿ" ಎಂದರು.

ಆ ಮಾತಿನ ಅರ್ಥ ತಿಳಿಯಲು ಹೆಣಿಗೆ ಎಂದರೇನೆಂದು ನೋಡಬೇಕು. ಇಳಕಲ್ ಸೀರೆಯಾಗಲಿ, ಕುರುಬರ ಕಂಬಳಿಯಾಗಲಿ ನೇಯ್ದದ್ದು. ಅಲ್ಲಿ ಉದ್ದದ ಎಳೆ, ಅಡ್ಡದ ಎಳೆ ಒಂದನ್ನೊಂದು ಹಾಯ್ದು ನೇರವಾಗಿ ಸಾಗುತ್ತವೆ. ಸ್ವೆಟರಿನಲ್ಲಿ, ನೀವು ತೊಟ್ಟಿರುವ ಬನಿಯನ್ನಿನಲ್ಲಿ ಕೂಡ, ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದರೆ ಕುಣಿಕೆಯ ಆಕಾರ ಬದಲಾಗುವುದರಿಂದ ಬಟ್ಟೆ ಹಿಗ್ಗುತ್ತದೆ. ಒಂದು ಕುಣಿಕೆ ಆಸರೆ ತಪ್ಪಿದರೆ ಅದರ ಕೆಳಗಿನದೂ ಬಿಚ್ಚುವುದು ಇದೇ ಕಾರಣದಿಂದ.

ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಆದರೆ ನಮ್ಮ ಮನೆಯಂತ್ರದ ಜೀವಾಳ 1847ರಲ್ಲಿ ಮ್ಯಾಥ್ಯೂ ಟೌನ್‌ಸೆಂಡ್ ಪೇಟೆಂಟ್ ಪಡೆದ ಚಿಲಕದ ಸೂಜಿ. ಸೂಜಿಯ ತುದಿಯಲ್ಲಿ ಕೊಕ್ಕೆ, ಅದಕ್ಕೊಂದು ಪುಟ್ಟ ಚಿಲಕ. ಸೂಜಿ ಮುಂದೆ ಬಂದಾಗ ಹಳೆಯ ಕುಣಿಕೆ ಚಿಲಕವನ್ನು ತೆರೆದು ಅದರ ಹಿಂದಕ್ಕೆ ಸರಿಯುತ್ತದೆ. ಕೊಕ್ಕೆ ಹೊಸ ದಾರ ಹಿಡಿದು ಹಿಂದೆ ಸರಿಯುವಾಗ ಅದೇ ಹಳೆಯ ಕುಣಿಕೆ ಚಿಲಕ ಮುಚ್ಚಿ, ಅದರ ಮೇಲಿಂದ ಜಾರಿ ಬೀಳುತ್ತದೆ. ಮೇಲೆ ಓಡುವ ಕ್ಯಾರೇಜು ಸೂಜಿಗಳನ್ನು ಸಾಲಾಗಿ ಹೀಗೆ ಮುಂದೆ ಹಿಂದೆ ನಡೆಸುತ್ತದೆ, ಅಷ್ಟೆ. ಸಾಮಾನ್ಯ ಮನೆಯಂತ್ರದಲ್ಲಿ 4.5 ಮಿಲಿಮೀಟರಿಗೊಂದರಂತೆ 200 ಸೂಜಿಗಳಿರುತ್ತವೆ.

ಕಲಿಯುವವರು ಮೊದಲು 40 ಸೂಜಿಗಳನ್ನು ಮಾತ್ರ ಮುಂದಕ್ಕೆ ತಂದು, ಪ್ರತಿಯೊಂದಕ್ಕೂ ದಾರವನ್ನು ಒಂದು ಸುತ್ತು ಸಡಿಲವಾಗಿ ಸುತ್ತಲಿ. ಒಂದೆರಡು ಸಾಲಾದ ಮೇಲೆ ಕೆಳಗೆ ಬಾಚಣಿಗೆಯನ್ನೂ ತೂಕವನ್ನೂ ತೂಗುಹಾಕಬೇಕು. ತೂಕವಿಲ್ಲದಿದ್ದರೆ ಹಳೆಯ ಕುಣಿಕೆ ಜಾರದೆ ಕೊಕ್ಕೆಯಲ್ಲೇ ಉಳಿಯುತ್ತದೆ. ಕ್ಯಾರೇಜು ಕೊನೆಯ ಸೂಜಿಯನ್ನು ಪೂರ್ತಿ ದಾಟಿದ ಮೇಲೆಯೇ ಹಿಂದಿರುಗಿಸಿ. ಕಚ್ಚಿಕೊಂಡರೆ ಬಲ ಹಾಕಬೇಡಿ. ನಾನು ಹಾಕಿದೆ, ಎರಡು ಸೂಜಿ ಬಾಗಿದವು.

ಈಗ ಚಿಗವ್ವನ ಕೈಚಳಕ. ಯಂತ್ರದಲ್ಲಿ ಹೆಣೆಯುವಾಗ ನಮ್ಮೆದುರಿಗೆ ಕಾಣುವುದು ಉಲ್ಟಾ ಮುಖ. ಆಕೆ ಚಿಲಕವಿರುವ ಕೈಸೂಜಿಯನ್ನು ತಳದ ಸಾಲುಗಳ ಮೇಲಿನ ಒಂದು ಕುಣಿಕೆಗೆ ಚುಚ್ಚಿ, ಅಲ್ಲಿಯವರೆಗೆ ಮಾತ್ರ ಬಿಚ್ಚಲು ಬಿಟ್ಟು, ಏಣಿಯ ಮೆಟ್ಟಿಲುಗಳನ್ನು ಎದುರಿನಿಂದ ಒಂದೊಂದಾಗಿ ಎಳೆದುಕೊಳ್ಳುತ್ತ ಮೇಲಕ್ಕೆ ಬಂದರು. ಉಲ್ಟಾ ನೆಲದ ಮೇಲೆ ಒಂದು ಸೀದಾ ಗೆರೆ ಎದ್ದು ನಿಂತಿತು! ನಾಲ್ಕು ಕುಣಿಕೆಗೊಂದರಂತೆ ಬೇಕೆಂದೇ ಬೀಳಿಸಿ ಹೀಗೆ ಎತ್ತಿದಾಗ ಪಟ್ಟೆ ಪಟ್ಟೆಯ ಹೆಣಿಗೆಯಾಯಿತು. ಹುಡುಗಿಯ ಮುಖವೂ ಅರಳಿತು.

ಉಬ್ಬು ಮೂಡಿಸಲು ಇನ್ನೆರಡು ದಾರಿಗಳಿವೆ. ಸೂಜಿ ಹಳೆಯ ಕುಣಿಕೆಯನ್ನು ಬಿಡದೆ, ಹೊಸ ದಾರವನ್ನೂ ಅದರ ಜೊತೆಗೆ ಇಟ್ಟುಕೊಂಡರೆ ಅದು 'ಟಕ್'. ಒಂದು ಬಿಟ್ಟು ಒಂದು ಸೂಜಿಯನ್ನು ಪೂರ್ತಿ ಮುಂದಕ್ಕೆಳೆದು, ಕ್ಯಾರೇಜಿನ ತಡೆಗುಂಡಿ ಹಾಕಿ ಎರಡು ಸಾಲು ಓಡಿಸಿ, ಆಮೇಲೆ ತಡೆ ತೆಗೆದು ಇನ್ನೆರಡು ಸಾಲು ಹೆಣೆಯಿರಿ. ಕೂಡಿಟ್ಟ ದಾರವೆಲ್ಲ ಒಟ್ಟಿಗೆ ಹೆಣೆದುಕೊಂಡು ಜೇನುಹುಟ್ಟಿನಂಥ ಉಬ್ಬು ಬರುತ್ತದೆ. ಅಕ್ಕಪಕ್ಕದ ಎರಡು ಸೂಜಿಗಳನ್ನು ಒಟ್ಟಿಗೆ ತಡೆಯಬೇಡಿ, ದಾರವನ್ನು ಕೆಳಗೆ ಹಿಡಿಯುವ ಕುಣಿಕೆ ನಡುವೆ ಇರಲೇಬೇಕು. ಸೂಜಿ ದಾರವನ್ನೇ ಹಿಡಿಯದೆ ಬಿಟ್ಟರೆ ಅದು 'ಸ್ಲಿಪ್'. ದಾರ ಅದರೆದುರು ಚಿಕ್ಕ ಗೆರೆಯಾಗಿ ಹಾಯುತ್ತದೆ.

ಟಕ್‌ನಿಂದ ಬಟ್ಟೆ ಅಗಲವಾಗುತ್ತದೆ, ಸ್ಲಿಪ್‌ನಿಂದ ಕಿರಿದಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿಯೂ ನಾನು ಮೋಸಹೋದೆ. ನನ್ನ ಮಗನ ಸ್ವೆಟರಿನ ಮುಂಭಾಗ 45 ಸೆಂಟಿಮೀಟರ್ ಅಗಲ ಬೇಕಿತ್ತು. ಸಾದಾ ಮಾದರಿಯಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆ, ಅಂದರೆ 126 ಸೂಜಿ. ಅಷ್ಟೇ ಸೂಜಿಗಳಲ್ಲಿ ಟಕ್ ಹೆಣೆದೆ. ಟಕ್‌ನಲ್ಲಿ 10 ಸೆಂಟಿಮೀಟರಿಗೆ ಬಂದದ್ದು 22 ಕುಣಿಕೆ ಮಾತ್ರ. ಸ್ವೆಟರು 57 ಸೆಂಟಿಮೀಟರಾಗಿ, ಮಗನ ಬದಲು ಅವನ ಅಜ್ಜನಿಗೆ ಹೋಯಿತು. ಸರಿಯಾದ ಲೆಕ್ಕ 99 ಸೂಜಿ. ಆದ್ದರಿಂದ ಪ್ರತಿ ಹೆಣಿಗೆಗೂ 40 ಕುಣಿಕೆ, 60 ಸಾಲಿನ ತುಂಡೊಂದನ್ನು ಹೆಣೆದು, ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಅಳೆಯಿರಿ. ತುಂಡಿಗೆ ಚೀಟಿ ಕಟ್ಟಿ ಯಾವ ದಾರ, ಬಿಗಿತದ ಸಂಖ್ಯೆ ಎಷ್ಟು ಎಂದು ಬರೆದಿಡಿ.

ಆ ತುಂಡಿಗೆ ಇಸ್ತ್ರಿ ಮಾತ್ರ ಒತ್ತಬೇಡಿ. ಅಕ್ರಿಲಿಕ್ ದಾರವಾದರೆ ಬಿಸಿಗೆ ಉಬ್ಬು ಅಳಿಸಿಹೋಗಿ ಮತ್ತೆ ಏಳುವುದಿಲ್ಲ.